ಮೇಡಂ ಕೇಳಿದ ಒಂದು ಕಮಾಂಡ್

ವಾಚನ್ನು ಅವರು ಮಣಿಕಟ್ಟಿನ ಒಳಬದಿಗೆ ಕಟ್ಟುತ್ತಿದ್ದರು. ಹೊತ್ತು ನೋಡಲು ಅಂಗೈ ಮೇಲೆ ಮಾಡಿದರೆ, ಎದುರಿಗಿದ್ದವರಿಗೆ ಏನೋ ಕೊಡು ಅಂತ ಕೇಳುತ್ತಿದ್ದಾರೇನೋ ಅನಿಸಬೇಕು. ತೊಂಬತ್ತರ ದಶಕದಲ್ಲಿ ಚಾಮರಾಜಪೇಟೆಯ ಹಳೇ ಮನೆಯೊಂದರಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ ತಯಾರಿಸುತ್ತಿದ್ದ ಪುಟ್ಟ ಕಂಪನಿಗೆ ಅವರು ಟೆಸ್ಟಿಂಗ್ ಮೇಡಂ. ಪ್ರತಿ ತಕ್ಕಡಿಯ ಮುಂದೆಯೂ ಸ್ಟೂಲ್ ಎಳೆದುಕೊಂಡು ಕೂತು, ಕುಣಿಯುವ ಅಂಕಿ ನಿಂತ ಮೇಲೆಯೇ ಬರೆದುಕೊಳ್ಳುವರು. ನಾನು ಹೊಸ ಪ್ರೋಗ್ರಾಮರ್. ನನಗೋ, ಕೋಡು ಮೂಡಿದ್ದ ಕಾಲ.

ಅವರ ಒಂದು ದಿನದ ಕೆಲಸವನ್ನು ಅರ್ಧ ಗಂಟೆಯಲ್ಲಿ ಮುಗಿಸುವ ಪ್ರೋಗ್ರಾಂ ಬರೆದೆ. ಕಮಾಂಡುಗಳನ್ನು ಒಂದು ಫೈಲಿನಲ್ಲಿ ಸಾಲಾಗಿ ಬರೆದಿಟ್ಟರೆ ಸಾಕು, ಪ್ರೋಗ್ರಾಂ ತಾನೇ ತಕ್ಕಡಿಯನ್ನು ಆನ್ ಮಾಡಿ, ತೂಕ ಕೇಳಿ, ಪಾಸೋ ಫೇಲೋ ಹೇಳುತ್ತಿತ್ತು. ಮೊದಲ ದಿನವೇ ಹದಿನಾಲ್ಕು ಫೇಲ್. ಆ ಹದಿನಾಲ್ಕಕ್ಕೂ ಬೆಸುಗೆ ಹಾಕಿದ್ದವರು ಮಾವಳ್ಳಿಯಿಂದ ಬರುತ್ತಿದ್ದ ಒಬ್ಬ ಹೆಂಗಸು. ಸೋಮವಾರದಿಂದ ಬರಬೇಡ ಎಂದುಬಿಟ್ಟರು ಮಾಲೀಕರು. ಆಕೆ ಊಟದ ಡಬ್ಬಿ ತೊಳೆಯಲು ಎದ್ದುಹೋದರು.

ಮೇಡಂ ನನ್ನ ಪಕ್ಕ ಬಂದು ಕೂತರು.

"ಆನ್ ಆಗಿ ಅಂಕಿ ನಿಲ್ಲೋಕೆ ಮುಂಚೇನೇ ತೂಕ ಎಷ್ಟು ಅಂತ ಕೇಳ್ಬಿಡ್ತಿದೆಯಲ್ಲಪ್ಪ ಇದು. ಮಧ್ಯ ನಿಲ್ಸೋಕೆ ಒಂದು ಕಮಾಂಡ್ ಹಾಕು."

"ಎಷ್ಟು ಸೆಕೆಂಡ್ ಮೇಡಂ?"

"ಸೆಕೆಂಡ್ ಲೆಕ್ಕ ಬೇಡ. ಒಂದೊಂದು ತಕ್ಕಡಿಗೆ ಒಂದೊಂದು ಹೊತ್ತು ಹಿಡಿಯತ್ತೆ. ನೋಡ್ತಿರೋರು ಕೀ ಒತ್ತೋವರೆಗೂ ಸುಮ್ನಿರಲಿ."

ಮನುಷ್ಯ ಕಾಯುತ್ತ ಕೂರುವುದಾದರೆ ಪ್ರೋಗ್ರಾಂ ಯಾಕೆ ಎಂದು ಗೊಣಗುತ್ತಲೇ ಬರೆದೆ. ಹತ್ತು ಸಾಲೂ ಆಗಲಿಲ್ಲ. ಮತ್ತೆ ಓಡಿಸಿದಾಗ ಹದಿನಾಲ್ಕೂ ಪಾಸ್. ಮೇಡಂ ಮಾಲೀಕರ ರೂಮಿಗೆ ಹೋಗಿ ಬಂದರು, ಆಕೆಯ ಕೆಲಸ ಉಳಿಯಿತು.

"ತಪ್ಪು ನಿನ್ನ ಪ್ರೋಗ್ರಾಂದು ಅಂತ ಅವಳಿಗೆ ನೀನೇ ಹೇಳ್ಬಿಡು" ಎಂದರು ನನಗೆ.

"ಹೇಳ್ತೀನಿ ಮೇಡಂ."

ಹೇಳಲಿಲ್ಲ. ನಾಚಿಕೆ ಒಂದು ಕಡೆ, ಜಂಬ ಇನ್ನೊಂದು ಕಡೆ. ಮೇಡಂ ಆ ಮಾತನ್ನು ಮತ್ತೆ ಎತ್ತಲಿಲ್ಲ. ನನಗೆ ಕೆಲಸ ಕಲಿಸಿದರು, ಯುಗಾದಿಗೆ ಮನೆಗೆ ಕರೆದು ಒಬ್ಬಟ್ಟು ಬಡಿಸಿದರು. ಎರಡು ವರ್ಷಕ್ಕೆ ನಾನು ಬೇರೆ ಕಂಪನಿ ಸೇರಿದೆ. ಇವತ್ತು ನಾನು ಅಷ್ಟಿಷ್ಟು ಕೆಲಸ ಬಲ್ಲವನಾಗಿದ್ದರೆ ಅದು ಅವರ ಪುಣ್ಯ.

ಹತ್ತು ವರ್ಷದ ಮೇಲೆ ಮೇಡಂ ತೀರಿಕೊಂಡ ಸುದ್ದಿ ಬಂತು. ಹೋದಾಗ, ಮಾವಳ್ಳಿಯ ಆಕೆ ಜಗಲಿಯ ಮೇಲೆ ಒಬ್ಬರೇ ಕೂತಿದ್ದರು. ಪಕ್ಕದಲ್ಲಿ ಕೂತು ಕೊನೆಗೂ ಬಾಯಿಬಿಟ್ಟೆ.

"ಆವತ್ತು ತಪ್ಪು ನಂದು."

"ಗೊತ್ತು ಸಾರ್. ಮೇಡಂ ಆವತ್ತೇ ಹೇಳಿದ್ರು. ಅವನೇ ಬಂದು ಹೇಳ್ತಾನೆ, ಅಲ್ಲೀವರೆಗೂ ನೀನೇನೂ ಕೇಳ್ಬೇಡ ಅಂದಿದ್ರು." ಸೆರಗಿನಿಂದ ಕಣ್ಣೊರೆಸಿಕೊಂಡರು. "ಹೋದ ತಿಂಗಳೂ ಕೇಳಿದ್ರು ಸಾರ್, ಬಂದಿದ್ನಾ ಅಂತ."