ಮಿಕ್ಸಿಂಗಿನಲ್ಲಿ ಬಿಟ್ಟುಹೋದವರು

ಅವರ ಎಡಗಣ್ಣು ಯಾವಾಗಲೂ ಅರ್ಧ ಮುಚ್ಚಿಕೊಂಡೇ ಇರುತ್ತಿತ್ತು. ವರ್ಷಗಟ್ಟಲೆ ಬಲಗಣ್ಣನ್ನು ಕ್ಯಾಮೆರಾದ ಕಿಂಡಿಗೆ ಒತ್ತಿ ಎಡಗಣ್ಣನ್ನು ಮುಚ್ಚಿ ಹಿಡಿದು ಹಿಡಿದು, ಆ ರೆಪ್ಪೆಗೆ ಪೂರ್ತಿ ಮೇಲೇಳುವುದೇ ಮರೆತುಹೋಗಿತ್ತು. ಗೊತ್ತಿಲ್ಲದವರಿಗೆ ಕಣ್ಣು ಹೊಡೆದಂತೆ ಕಾಣುತ್ತಿತ್ತು. ನಾನು ಹೊನ್ನಾವರದ ಹೈಸ್ಕೂಲಿಗೆ ಕನ್ನಡ ಕಲಿಸಲು ಸೇರಿದ ಹೊಸದರಲ್ಲಿ, ಒಂದು ಮಧ್ಯಾಹ್ನ ಅವರು ವರಾಂಡದಲ್ಲಿ ನನ್ನನ್ನು ತಡೆದು, "ಅಕ್ಕೋರೆ, ನಿಮ್ಮಿಂದ ಒಂದು ಉಪಕಾರ ಆಗ್ಬೇಕಿತ್ತು" ಎಂದರು. ನಾನು ಕೆಂಡವಾಗಿ ನೇರ ಹೆಡ್ಮಾಸ್ತರರ ಕೋಣೆಗೆ ಹೋಗಿ ದೂರು ಹೇಳಿದೆ. ಹೆಡ್ಮಾಸ್ತರರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅವರ ಕಣ್ಣೇ ಹಾಗೆ ಮಾರಾಯ್ತಿ. ಪಾಪದವರು. ನಿಮ್ಮ ದನಿ ದೊಡ್ಡದು ಅಂತ ಹೇಳಿ ನಾನೇ ಕಳ್ಸಿದ್ದು."

ಊರಿಗೆಲ್ಲ ಅವರು ವಿಡಿಯೋ ಅಣ್ಣ. ಮದುವೆ, ಮುಂಜಿ, ಗೃಹಪ್ರವೇಶಗಳ ವಿಡಿಯೋ ತೆಗೆಯುವುದು ಹೊಟ್ಟೆಪಾಡು. ಮುಹೂರ್ತಗಳಿಲ್ಲದ ದಿನಗಳಲ್ಲಿ ಅದೇ ಕ್ಯಾಮೆರಾ ಹೆಗಲಿಗೇರಿಸಿ ಅವರು ಸಾಕ್ಷ್ಯಚಿತ್ರ ಮಾಡಲು ಹೊರಡುತ್ತಿದ್ದರು. ಬಾಡದಲ್ಲಿ ಮೀನು ಒಣಗಿಸುವ ಹೆಂಗಸರು, ಶರಾವತಿಯಲ್ಲಿ ದೋಣಿ ದಾಟಿಸುತ್ತಿದ್ದವರು, ಗೇರುಸೊಪ್ಪದ ಹಳೆಯ ಬಸದಿ, ಭಟ್ಕಳದ ಓಣಿಗಳಲ್ಲಿ ನವಾಯತ ಮುಸ್ಲಿಮರ ಮನೆಗಳ ಅಡುಗೆ, ಹೀಗೆ. ಭಾನುವಾರ ಸಂಜೆ ಅವು ನಮ್ಮ ಕಡೆಯ ಕೇಬಲ್ ಟಿವಿಯಲ್ಲಿ ಬರುತ್ತಿದ್ದವು. ಅದಕ್ಕೆ ವಿವರಣೆ ಬರೆದು ಓದುವವರು ಒಬ್ಬರು ಬೇಕಿತ್ತು. ಚಿಕ್ಕಂದಿನಲ್ಲಿ ರೇಡಿಯೊದಲ್ಲಿ ಊರುಗಳ ಕಥೆ ಹೇಳುವ ಕಾರ್ಯಕ್ರಮಗಳನ್ನು ಕೇಳುತ್ತ ಬೆಳೆದವರು ಅವರು. ದನಿಯೊಂದು ಚೆನ್ನಾಗಿದ್ದರೆ ಅರ್ಧ ಕೆಲಸ ಆದಂತೆ ಎಂಬುದು ಅವರ ನಂಬಿಕೆ. ಹಾಗೆ ನಾನು ಅವರ ದನಿಯಾದೆ.

ಅವರ ಅಂಗಡಿ ಬಸ್ ಸ್ಟ್ಯಾಂಡಿನ ಹಿಂದೆ, ಹೊಲಿಗೆ ಅಂಗಡಿಯ ಮಹಡಿಯಲ್ಲಿತ್ತು. ಚಿತ್ರಗಳನ್ನು ಕತ್ತರಿಸಿ ಜೋಡಿಸುವ ಕೆಲಸಕ್ಕೆ ಎಲ್ಲರೂ ಮಿಕ್ಸಿಂಗ್ ಎನ್ನುತ್ತಿದ್ದರು. ಮಿಕ್ಸಿಂಗ್ ಮಾಡುವಾಗ ಮದುವೆ ವಿಡಿಯೋಗಳಲ್ಲಿ ಪಳಗಿದ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಬಸದಿಯ ಚಿತ್ರವನ್ನು ಮೊದಲ ಸಲ ತೋರಿಸಿದಾಗ ನೋಡುತ್ತೇನೆ, ತಿರುಗುವ ಹೃದಯದ ಆಕಾರವೊಂದು ಬಂದು, ಅದರೊಳಗಿಂದ ಕಲ್ಲಿನ ಬಸದಿ ಅರಳುತ್ತಿದೆ! ಹಿನ್ನೆಲೆಗೆ ಶಹನಾಯಿ ಬೇರೆ.

"ಇದೆಂತದು?" ಎಂದೆ.

"ಚಂದ ಕಾಣ್ತದೆ ಅಲ್ರಾ ಅಕ್ಕೋರೆ?"

"ಬಸದಿಗೆ ಮದುವೆ ಮಾಡಿಸ್ತಿದ್ದೀರಾ?"

ಅವರು ತಲೆ ಕೆರೆದುಕೊಂಡು ಹೃದಯವನ್ನು ತೆಗೆದರು. ಶಹನಾಯಿಯನ್ನು ಮಾತ್ರ ಎಷ್ಟು ಹೇಳಿದರೂ ಬಿಡಲಿಲ್ಲ. ಇಂಥ ಜಗಳ ನಮ್ಮಲ್ಲಿ ವಾರಕ್ಕೊಂದು ಇದ್ದೇ ಇರುತ್ತಿತ್ತು, ನನಗೂ ಅದಿಲ್ಲದೆ ವಾರ ಕಳೆಯುತ್ತಿರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಬಾಯಿ ಹಾಕುವಂತಿರಲಿಲ್ಲ. ಯಾರ ಮೇಲೆ ಚಿತ್ರ ಮಾಡಿದರೋ ಅವರಿಗೆ ಮೊದಲು ತೋರಿಸದೆ ವಿಡಿಯೋ ಅಣ್ಣ ಕೇಬಲ್ಲಿಗೆ ಕೊಡುತ್ತಿರಲಿಲ್ಲ. ಟಿವಿ, ಪ್ಲೇಯರ್ ಎರಡನ್ನೂ ಹಳೆಯ ಕಂಬಳಿಯಲ್ಲಿ ಸುತ್ತಿ, ರಿಕ್ಷಾದಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಹೋಗುವರು. ಅಂಗಳದಲ್ಲಿ ಸ್ಟೂಲಿನ ಮೇಲಿಟ್ಟು ತೋರಿಸುವರು. "ನಂದು ಇದೊಂದು ಮಾತು ಬ್ಯಾಡ" ಎಂದು ಯಾರಾದರೂ ಹೇಳಿದರೆ, ಎಷ್ಟೇ ಒಳ್ಳೆಯ ಮಾತಾದರೂ "ಆತು" ಎಂದು ತೆಗೆದುಬಿಡುವರು. ನಾನು ಬರೆದ ಎಷ್ಟೋ ಚಂದದ ವಾಕ್ಯಗಳು ಹಾಗೆ ಮಣ್ಣುಪಾಲಾದವು. ಆಗೆಲ್ಲ ಸಿಟ್ಟು ಬರುತ್ತಿತ್ತು.

ಭಟ್ಕಳದ ಹತ್ತಿರದ ಹೆಬಳೆಗೆ ನಾವು ಹೋದದ್ದು ಮಲ್ಲಿಗೆಯ ಚಿತ್ರಕ್ಕೆ. ಅಲ್ಲಿ ಮನೆಮನೆಯಲ್ಲೂ ಮಲ್ಲಿಗೆ ಬೆಳೆಯುತ್ತಾರೆ. ಬೆಳಿಗ್ಗೆ ಕೊಯ್ದ ಮೊಗ್ಗನ್ನು ಬಾಳೆನಾರಿನಲ್ಲಿ ಕಟ್ಟಿ ಭಟ್ಕಳದ ಪೇಟೆಗೆ ಕಳಿಸುತ್ತಾರೆ. ಹೂವಿನ ದಂಡೆ ಕಟ್ಟುವುದರಲ್ಲಿ ಎತ್ತಿದ ಕೈ ಎಂದು ಎಲ್ಲರೂ ತೋರಿಸಿದ್ದು ಒಬ್ಬ ಹಿರಿಯ ಹೆಂಗಸನ್ನು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಬೋಳು ಹಣೆ, ತಲೆಯಲ್ಲಿ ಹೂವಿಲ್ಲ, ಮಡಿಲ ತುಂಬ ಮಲ್ಲಿಗೆ. ಜಗಲಿಯಲ್ಲಿ ಕೂತು, ಕೈಯನ್ನು ನೋಡದೆ ಕಟ್ಟುತ್ತಲೇ ಮಾತಾಡಿದರು. ಮೊಗ್ಗು, ನೀರು, ದರ, ಎಲ್ಲ ಆಯಿತು. ಕೊನೆಗೆ ವಿಡಿಯೋ ಅಣ್ಣ ಕ್ಯಾಮೆರಾದ ಹಿಂದಿನಿಂದ ಕೇಳಿದರು: "ಅಮ್ಮ, ನೀವು ಕಟ್ಟಿದ ಹೂ ಎಷ್ಟು ಮದುವೆಗೆ ಹೋಗಿರ್ಬಹುದು?"

"ಅದೆಲ್ಲ ಯಾರು ನೆನಪಿಟ್ಕಂತಾರೆ? ನನ್ನ ಮಗಳ ಮದುವೆಗೂ ನಾನೇ ಕಟ್ಟಿದ್ದು. ಅದ್ರ ವಿಡಿಯೋ ತೆಗೆದೋರು ನೀವೇ ಅಲ್ರಾ?"

ಅವರು ಹೌದೆಂದರು.

"ಅದ್ರಲ್ಲಿ ಹೂ ಅದೆ, ನಾನಿಲ್ಲ. ಮೊಮ್ಮಗಳು ನೋಡಿ ಕೇಳ್ತದೆ, ಅಜ್ಜಿ, ನೀನು ಅಮ್ಮನ ಮದುವೆಗೆ ಹೋಗ್ಲೇ ಇಲ್ವಾ ಅಂತ." ಅಷ್ಟು ಹೇಳಿ ಅವರು ನಕ್ಕು, ಮತ್ತೊಂದು ಎಳೆ ನಾರನ್ನು ಸೀಳಿಕೊಂಡರು. ದನಿಯಲ್ಲಿ ಒಂದಿಷ್ಟೂ ಸಿಟ್ಟಿರಲಿಲ್ಲ.

ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿದ್ದ ರೂಢಿ. ಮದುವೆಯ ಹಿಂದಿನ ದಿನ ಮನೆಯ ಹಿರಿಯರೊಬ್ಬರು ವಿಡಿಯೋದವರನ್ನು ಪಕ್ಕಕ್ಕೆ ಕರೆದು, ಗಂಡ ಇಲ್ಲದ ಹೆಂಗಸರು ಧಾರೆಯ ಹೊತ್ತಿಗೆ ಚಿತ್ರದಲ್ಲಿ ಬೀಳದಂತೆ ನೋಡಿಕೊಳ್ಳಿ ಎಂದು ಮೆಲ್ಲಗೆ ಹೇಳುತ್ತಿದ್ದರು. ಮದುಮಗಳ ತಾಯಿಯಾದರೂ ಅಷ್ಟೇ. ಆ ಹೆಂಗಸರೂ ತಾವಾಗಿಯೇ ಬಾಗಿಲ ಮರೆಗೆ, ಅಡುಗೆ ಮನೆಗೆ ಸರಿದುಕೊಳ್ಳುತ್ತಿದ್ದರು. ಎಲ್ಲಿ ಕ್ಯಾಮೆರಾ ತಿರುಗಿಸಿದರೆ ಯಾರು ಬೀಳುವುದಿಲ್ಲ ಎಂಬುದು ವಿಡಿಯೋ ಅಣ್ಣನ ಕೈಗೇ ಗೊತ್ತಿತ್ತು. ಅದನ್ನು ಅವರ ಕೆಲಸದ ಅಚ್ಚುಕಟ್ಟು ಎಂದೇ ಜನ ಹೊಗಳುತ್ತಿದ್ದರು.

ಹೊನ್ನಾವರಕ್ಕೆ ವಾಪಸಾಗುವಾಗ ಬಸ್ಸಿನಲ್ಲಿ ವಿಡಿಯೋ ಅಣ್ಣ ಕ್ಯಾಮೆರಾವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಆಮೇಲೆ ಹೇಳಿದರು: "ಅಕ್ಕೋರೆ, ಆ ಅಮ್ಮನ್ನ ನಾನು ಬಿಟ್ಟದ್ದು ನನಗೆ ನೆನಪೇ ಇಲ್ಲ. ಬಿಟ್ಟದ್ದಕ್ಕಿಂತ ಅದೇ ಹೆದರಿಕೆ ಆಗೂದು."

ಮರುದಿನದಿಂದ ಅವರು ಹಳೆಯ ಮೂಲ ಕ್ಯಾಸೆಟ್ಟುಗಳ ಟ್ರಂಕನ್ನು ಬಿಚ್ಚಿ ಕೂತರು. ಸಮುದ್ರದ ಗಾಳಿಗೆ ಎಷ್ಟೋ ಕ್ಯಾಸೆಟ್ಟಿಗೆ ಬೂಸಲು ಹಿಡಿದಿತ್ತು. ಹತ್ತಿಯಲ್ಲಿ ಒರೆಸಿ ಒರೆಸಿ ನೋಡಿದರು. ಬೇಕೆಂದು ತೆಗೆದ ಚಿತ್ರಗಳಲ್ಲಿ ಆ ಹೆಂಗಸರು ಇರಲಿಲ್ಲ. ಇದ್ದದ್ದು ಮಿಕ್ಸಿಂಗಿನಲ್ಲಿ ಕತ್ತರಿಸಿ ಬಿಟ್ಟ ತುಂಡುಗಳಲ್ಲಿ. ಊಟಕ್ಕೆ ಹೋಗುವಾಗ, ದೀಪ ಸರಿಮಾಡುವಾಗ, ಆಫ್ ಮಾಡಲು ಮರೆತು ಕ್ಯಾಮೆರಾವನ್ನು ಕುರ್ಚಿಯ ಮೇಲೋ ಬೆಂಚಿನ ಮೇಲೋ ಇಟ್ಟಿರುತ್ತಿದ್ದರಲ್ಲ, ಆಗ ಅದು ತನ್ನ ಪಾಡಿಗೆ ಹಿತ್ತಲ ಬಾಗಿಲನ್ನೋ ಪಾತ್ರೆಗಳ ಕೋಣೆಯನ್ನೋ ನೋಡುತ್ತ ಕೂತಿರುತ್ತಿತ್ತು. ಅಲ್ಲಿದ್ದರು ಅವರೆಲ್ಲ. ಒಬ್ಬರು ಎಲೆ ಒರೆಸುತ್ತಿದ್ದಾರೆ. ಒಬ್ಬರು ಯಾರದೋ ಮಗುವನ್ನು ಮಲಗಿಸುತ್ತಿದ್ದಾರೆ. ಒಬ್ಬರು ವಾಲಗ ಜೋರಾದಾಗ ಕೆಲಸ ನಿಲ್ಲಿಸಿ, ಮಂಟಪದ ದಿಕ್ಕಿಗೆ ಕೈ ಮುಗಿಯುತ್ತಿದ್ದಾರೆ. ಆ ತುಂಡನ್ನು ನೋಡಿ ನಾನು ಅತ್ತುಬಿಟ್ಟೆ.

ಇವುಗಳನ್ನೇ ಜೋಡಿಸಿ ಚಿತ್ರ ಮಾಡುತ್ತೇನೆಂದು ಅವರು ಹೊರಟಾಗ ಮನೆಯಲ್ಲಿ ರಾದ್ಧಾಂತವಾಯಿತು. ಅವರ ಹೆಂಡತಿ ಬಾಯಿ ಗಟ್ಟಿಯ ಹೆಂಗಸು. ನಾನು ಹೋದಾಗ ನನ್ನೆದುರೇ ಬೈದರು: "ಎಂತ ಹುಚ್ಚೋ ಮರ್ಲೋ ಇವ್ರಿಗೆ? ಮದುವೆ ಮನೆಯವ್ರನ್ನೆಲ್ಲ ಎದುರು ಹಾಕ್ಕಂಡ್ರೆ ಮುಂದೆ ಯಾರು ಕರೀತಾರೆ? ಮಕ್ಕಳ ಹೊಟ್ಟೆಗೆ ಎಂತ ಹಾಕೂದು? ಅಕ್ಕೋರೆ, ನೀವಾದ್ರೂ ಹೇಳಿ." ನನಗೂ ಅದು ಸರಿಯೆನಿಸಿ, ಸ್ವಲ್ಪ ತಡೆದು ನೋಡಿ ಎಂದೆ. ಅವರು ಯಾರ ಮಾತನ್ನೂ ಕೇಳಲಿಲ್ಲ. ಒಬ್ಬೊಬ್ಬರ ಮನೆಗೂ ಹೋಗಿ ತೋರಿಸಿ, ಆ ಹೆಂಗಸರ ಒಪ್ಪಿಗೆ ಕೇಳಿದರು. ಕೆಲವರು ಒಪ್ಪಿದರು, ಕೆಲವರು ಹೆದರಿ ಬೇಡವೆಂದರು. ಕುಮಟೆಯ ಒಂದು ಮನೆಯಲ್ಲಂತೂ ಯಜಮಾನರು ಅಂಗಳ ಹತ್ತಲೂ ಬಿಡಲಿಲ್ಲ. ಬೇಡವೆಂದವರ ತುಂಡುಗಳನ್ನು ಅವರು ಮಾತಿಲ್ಲದೆ ತೆಗೆದಿಟ್ಟರು.

ಕಡೆಗೆ ಹೆಬಳೆ. ಅದೇ ಜಗಲಿ. ಮಗಳೂ ಮೊಮ್ಮಗಳೂ ಬಂದಿದ್ದರು. ಟಿವಿಯಲ್ಲಿ ಆ ಅಮ್ಮ ಹತ್ತು ವರ್ಷ ಚಿಕ್ಕವರು. ಹಿತ್ತಲ ಬಾಗಿಲಲ್ಲಿ ಕೂತು ದಂಡೆ ಕಟ್ಟುತ್ತಿದ್ದಾರೆ. ಮಗಳನ್ನು ಕಳಿಸಿಕೊಡುವ ಗಲಾಟೆ ಕೇಳುತ್ತದೆ. ಅವರು ಗಡಬಡಿಸಿ ಏಳುತ್ತಾರೆ, ಮಡಿಲ ಹೂವೆಲ್ಲ ಚೆಲ್ಲುತ್ತದೆ, ಹೊಸ್ತಿಲವರೆಗೆ ಬರುತ್ತಾರೆ, ಅಲ್ಲಿಗೇ ನಿಲ್ಲುತ್ತಾರೆ. ನೋಡುತ್ತಿದ್ದ ಮಗಳು "ಅಬ್ಬೆ" ಎಂದು ಅವರ ಹೆಗಲಿಗೆ ಮುಖ ಹಚ್ಚಿದಳು. ಮೊಮ್ಮಗಳು ಮಾತ್ರ ಚಪ್ಪಾಳೆ ತಟ್ಟಿ, "ಅಜ್ಜಿ ಹೋಗಿತ್ತು! ಅಜ್ಜಿ ಹೋಗಿತ್ತು!" ಎಂದು ಕುಣಿಯಿತು.

"ಇದನ್ನ ಕೇಬಲ್ಲಿಗೆ ಹಾಕ್ಲಾ ಅಮ್ಮ?" ಎಂದು ವಿಡಿಯೋ ಅಣ್ಣ ಕೇಳಿದರು.

ಅವರು ಕಣ್ಣೊರೆಸಿಕೊಂಡರು. "ಹಾಕಿ, ಅಡ್ಡಿಲ್ಲ. ಆದ್ರೆ ಕಡೆಗೆ ಹಾಕ್ಬೇಡಿ. ಮೊದ್ಲು ಹಾಕಿ."

ಮೊದಲು ಹಾಕಿದರು. ಆ ಚಿತ್ರಕ್ಕೆ ನನ್ನ ವಿವರಣೆ ಬೇಡವೆಂದರು, ಶಹನಾಯಿಯನ್ನೂ ಹಾಕಲಿಲ್ಲ. ಭಾನುವಾರ ಅದು ಬಂದ ಮೇಲೆ ಹೆಂಡತಿ ಹೆದರಿದಂತೆಯೇ ಆಯಿತು. ಅವರಿಗೆ ಹೇಳಿಟ್ಟಿದ್ದ ಮದುವೆಗಳು ಒಂದೊಂದಾಗಿ ಬೇರೆಯವರ ಪಾಲಾದವು. ಅಷ್ಟಾದರೂ ಅವರು, ಮದುವೆ ಒಪ್ಪಿಕೊಳ್ಳುವ ಮೊದಲೇ ಹೇಳತೊಡಗಿದರು: "ಬಂದೋರೆಲ್ಲ ಬೀಳ್ತಾರೆ. ಬ್ಯಾಡ ಅಂದ್ರೆ ಬೇರೆಯವ್ರನ್ನ ನೋಡ್ಕಳಿ." ಜನ ಬೇರೆಯವರನ್ನೇ ನೋಡಿಕೊಂಡರು. ಆಮೇಲೆ ಮೊಬೈಲು ಬಂದು ನಮ್ಮ ಕೇಬಲ್ ಚಿತ್ರಗಳನ್ನು ಕೇಳುವವರೂ ಇಲ್ಲವಾದರು. ಅವರು ಅಂಗಡಿಯಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತ, ಬಂದವರಿಗೆಲ್ಲ ಗಲ್ಲ ಸ್ವಲ್ಪ ಎತ್ತಿ ಎನ್ನುತ್ತ, ಇದ್ದಷ್ಟರಲ್ಲೇ ಸಂಸಾರ ತೂಗಿಸಿದರು. ನನ್ನನ್ನು ಕಂಡರೆ ಮಾತ್ರ ಹಳೆಯ ಶಹನಾಯಿಯ ಜಗಳ ತೆಗೆಯುತ್ತಿದ್ದರು. ಆ ಸಂಜೆಗಳು ನನಗೆ ಈಗಲೂ ಬೇಕೆನಿಸುತ್ತವೆ.

ತಮ್ಮ ಮಗಳ ಮದುವೆ ನಿಶ್ಚಯವಾದ ತಿಂಗಳಲ್ಲೇ ವಿಡಿಯೋ ಅಣ್ಣ ಹಾಸಿಗೆ ಹಿಡಿದರು. ನೋಡಲು ಹೋದಾಗ, ಹೆಂಡತಿ ಕಾಫಿ ತರಲು ಒಳಗೆ ಹೋದದ್ದನ್ನು ನೋಡಿಕೊಂಡು ನನ್ನನ್ನು ಹತ್ತಿರ ಕರೆದರು. ಆ ಅರ್ಧ ಕಣ್ಣೂ ತೇವವಾಗಿತ್ತು. "ನಾನಿರೂದಿಲ್ಲ ಅಕ್ಕೋರೆ. ಇವಳು ಮಗಳ ಮದುವೀಲಿ ಹಿಂದೆ ಹೋಗಿ ನಿತ್ಕಳ್ತಾಳೆ. ಊರೋರಿಗೆ ಹೇಳಿದ್ದು ನನ್ನ ಮನೇಲೇ ನಡೀದಿದ್ರೆ ಎಂತ ಬಂತು? ಅವಳಿಗೆ ಈಗ ಹೇಳೂಕೆ ನನ್ನಿಂದ ಆಗೂದಿಲ್ಲ. ನೀವು ಕೈ ಹಿಡ್ದು ಎಳ್ಕಂಡು ಬನ್ನಿ." ನಾನು ಮಾತು ಕೊಟ್ಟೆ. ಹದಿನೈದು ದಿನವೂ ಆಗಲಿಲ್ಲ, ಹೋಗಿಬಿಟ್ಟರು.

ವರ್ಷದೊಳಗೇ ಮದುವೆ ಮುಗಿಸಬೇಕೆಂದು ಕುಮಟೆಯ ಒಂದು ಮದುವೆ ಹಾಲ್‌ನಲ್ಲಿ ಏರ್ಪಾಡಾಯಿತು. ಧಾರೆ ಎರೆಯುವುದು ಮಗಳ ಸೋದರಮಾವ ಎಂದು ಹೇಳಿದ್ದರು. ನನ್ನ ಬಸ್ಸು ತಡವಾಯಿತು. ನಾನು ಒಳಗೆ ಕಾಲಿಡುವಾಗ ವಾಲಗ ಜೋರಾಗಿತ್ತು. ನೇರ ಅಡುಗೆ ಮನೆಗೆ ಓಡಿದೆ, ವಿಡಿಯೋ ಅಣ್ಣನ ಹೆಂಡತಿ ಅಲ್ಲಿರಲಿಲ್ಲ. ಪಾತ್ರೆಗಳ ಕೋಣೆ ನೋಡಿದೆ, ಮದುಮಗಳ ಕೋಣೆ ನೋಡಿದೆ, ಹಿತ್ತಲ ಬಾಗಿಲು ದಾಟಿ ನಲ್ಲಿಯ ಹತ್ತಿರವೂ ಹುಡುಕಿದೆ. ಎಲ್ಲಿಯೂ ಇಲ್ಲ. ಮಾತು ತಪ್ಪಿದೆನಲ್ಲ ಎಂದು ಅಳು ಬಂದು, ಹಾಗೆಯೇ ಹಾಲಿಗೆ ತಿರುಗಿ ಬಂದೆ.

ಮಂಟಪದಲ್ಲಿ, ಮಗಳ ಪಕ್ಕದಲ್ಲಿ, ಧಾರೆ ಎರೆಯುವ ಸೋದರಮಾವನಿಗಿಂತ ಒಂದು ಹೆಜ್ಜೆ ಮುಂದೆ ಅವರು ನಿಂತಿದ್ದರು. ಕೆಳಗೆ ವಿಡಿಯೋ ತೆಗೆಯುವವನ ಕಿವಿಯಲ್ಲಿ ನೆಂಟರೊಬ್ಬರು ಏನೋ ಹೇಳುತ್ತಿದ್ದರು. ಅವನು ಏನು ಮಾಡಬೇಕೋ ತಿಳಿಯದೆ ಕ್ಯಾಮೆರಾ ಇಳಿಸಿದ್ದ. ವಾಲಗದ ಗದ್ದಲವನ್ನೂ ಮೀರಿ ಆ ಗಟ್ಟಿ ಬಾಯಿ ಇಡೀ ಹಾಲಿಗೆ ಕೇಳಿಸಿತು: "ಎಂತ ನೋಡ್ತ್ಯೋ ತಮ್ಮಾ? ನಾನು ಇವಳ ತಾಯಿ. ತೆಗಿ."