ಅಪ್ಪೆಮಿಡಿಗೆ ಆರು ಚೌಕ

ಮದುವೆಯ ಕರೆಯೋಲೆ ಕೈಗೆ ಬಂದರೆ ಸಜ್ಜನರು ವಧೂವರರ ಹೆಸರು ನೋಡುತ್ತಾರೆ, ಭೋಜನಪ್ರಿಯರು ಮುಹೂರ್ತದ ವೇಳೆ ನೋಡುತ್ತಾರೆ. ನಾನು ಮಾತ್ರ ಅದನ್ನು ಮಗುಚಿ ಬೆನ್ನು ಖಾಲಿ ಇದೆಯೇ ಎಂದು ನೋಡುತ್ತೇನೆ. ಖಾಲಿ ಇದ್ದರೆ ಆ ದಂಪತಿಗೆ ನನ್ನ ಹೃತ್ಪೂರ್ವಕ ಆಶೀರ್ವಾದ. ಹಿಂಬದಿಗೂ ಬಣ್ಣದ ಗಣಪತಿಯನ್ನು ಅಚ್ಚು ಹಾಕಿಸಿದ್ದರೆ ಆಶೀರ್ವಾದವೇನೋ ಮಾಡುತ್ತೇನೆ, ಆದರೆ ಕೊಂಚ ಬಿಗಿ ಮನಸ್ಸಿನಿಂದ. ಓದುಗ ಮಹಾಶಯರೇ, ಇದು ಜಿಪುಣತನವಲ್ಲ. ಜಿಪುಣತನವೇ ಆಗಿದ್ದರೂ ಅದಕ್ಕೊಂದು ಉದಾತ್ತ ಕಾರಣವಿತ್ತೆಂದು ನಿವೇದಿಸಿಕೊಳ್ಳುವುದಷ್ಟೇ ಈ ಬರಹದ ಉದ್ದೇಶ.

ತೊಂಬತ್ತರ ದಶಕದಲ್ಲಿ ನಾನು ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕುಗಳೊಳಗೇ ಚೆಂಡಿನಂತೆ ವರ್ಗಾವರ್ಗಿಯಾಗುತ್ತಿದ್ದ ದನದ ಡಾಕ್ಟರು. ರೋಗಿಗಳು ಮಾತಾಡುವುದಿಲ್ಲ ಎಂಬ ಒಂದು ಸುಖವನ್ನು ಬಿಟ್ಟರೆ ಆ ವೃತ್ತಿಯ ಇನ್ನೊಂದು ಸುಖವೆಂದರೆ, ಕೊಟ್ಟಿಗೆಯ ಕೆಲಸ ಮುಗಿಸಿ ಕೈಕಾಲು ತೊಳೆದು ಬಂದರೆ ಯಾವ ಮನೆಯವರೂ ಊಟ ಹಾಕದೆ ಕಳಿಸುತ್ತಿರಲಿಲ್ಲ. ಊಟವೆಂದ ಮೇಲೆ ಎಲೆಯ ತುದಿಗೆ ಅಪ್ಪೆಮಿಡಿ ಉಪ್ಪಿನಕಾಯಿ. ಹಳ್ಳದ ದಂಡೆಗೆ ತಾನಾಗಿ ಬೆಳೆವ ಈ ಮಾವಿನ ಮರಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಒಂದರ ಮಿಡಿಗೆ ಜೀರಿಗೆಯ ಪರಿಮಳ, ಒಂದಕ್ಕೆ ಕರ್ಪೂರದ್ದು, ಇನ್ನೊಂದಕ್ಕೆ ಹೆಸರೇ ಇಲ್ಲದ ಯಾವುದೋ ಸ್ವರ್ಗೀಯವಾದದ್ದು. ಮಿಡಿಯ ತೊಟ್ಟು ಮುರಿದರೆ ಚಿಮ್ಮುವ ಸೊನೆಯನ್ನು ಮೂಸಿದರೆ ಸಾಕು, ಮರದ ಕುಲಗೋತ್ರವೆಲ್ಲ ತಿಳಿಯುತ್ತದೆ. ತಿಳಿಯುತ್ತದೆ ಎಂದದ್ದು ಬೇರೆಯವರಿಗೆ. ಕೊಟ್ಟಿಗೆಗಳಲ್ಲಿ ಇಪ್ಪತ್ತು ವರ್ಷ ಸವೆದ ನನ್ನ ಮೂಗು ಆಗಲೇ ಸ್ವಯಂನಿವೃತ್ತಿ ಪಡೆದಿತ್ತು.

ಆದರೂ ನಾನು ಮರಗಳ ಲೆಕ್ಕವಿಡಲು ಹೊರಟದ್ದು ನಮ್ಮ ಆಯಿಗಾಗಿ, ಅಂದರೆ ಹೆತ್ತಮ್ಮನಿಗಾಗಿ. ಆಯಿಯ ತವರು ಭೈರುಂಬೆ. ಅಲ್ಲಿ ಅವಳ ಅಪ್ಪನ ಮನೆಯ ಹಳ್ಳದ ಬದಿಗೆ ಒಂದು ಅಪ್ಪೆಮರವಿತ್ತು. ಅವಳು ಮದುವೆಯಾಗಿ ಬಂದ ಮೇಲೂ ವರ್ಷವರ್ಷ ಆ ಮರದ ಮಿಡಿ ತವರಿಂದ ಬರುತ್ತಿತ್ತು. ಒಂದು ಬೇಸಿಗೆಯ ಗಾಳಿಗೆ ಮರ ಬುಡಸಮೇತ ಬಿತ್ತು. ಭರಣಿಯಲ್ಲಿ ಉಳಿದಿದ್ದನ್ನು ಆಯಿ ನಾಲ್ಕು ವರ್ಷ ಒಂದೊಂದೇ ಮಿಡಿ ತೆಗೆದು ಉಂಡಳು. ಕೊನೆಯದು ಮುಗಿದ ದಿನ ಭರಣಿ ತೊಳೆದು ಬಿಸಿಲಿಗೆ ಬೋರಲು ಹಾಕಿದಳು. ಆಮೇಲೊಮ್ಮೆ ಮಾತಿನ ನಡುವೆ, "ತಮಾ, ನೀ ಊರೆಲ್ಲ ತಿರುಗ್ತೆ. ಆ ನಮನಿ ಪರಿಮಳದ್ದು ಎಲ್ಲಾದ್ರೂ ಇದ್ದಾ ನೋಡು" ಎಂದಳು. ಜೀವಮಾನದಲ್ಲಿ ನನ್ನಿಂದ ಏನನ್ನೂ ಕೇಳದ ಹೆಂಗಸು. ನನಗೆ ಅದು ಸರಕಾರದ ಯಾವ ಆದೇಶಕ್ಕಿಂತಲೂ ದೊಡ್ಡದಾಯಿತು.

ಅಂದಿನಿಂದ ಹೋದ ಹೋದಲ್ಲಿ ವಿಚಾರಿಸಿ, ಕರೆಯೋಲೆ ಕತ್ತರಿಸಿ ಮಾಡಿದ ಚೀಟಿಗಳ ಬೆನ್ನಿಗೆ ಬರೆದಿಡತೊಡಗಿದೆ. ಯಾವ ಮರ, ಯಾವ ಊರು, ಯಾರ ಮನೆ, ಪರಿಮಳ ಎಂಥದು, ಉಪ್ಪಿನಲ್ಲಿ ಎಷ್ಟು ವರ್ಷ ಬಾಳುತ್ತದೆ. ಜಾಗ ಉಳಿದರೆ ಅಂದಿನ ಎಮ್ಮೆಯ ಕ್ಷೇಮಸಮಾಚಾರ. ದಶಕ ಮುಗಿಯುವಷ್ಟರಲ್ಲಿ ಮೂರು ಬಿಸ್ಕತ್ತಿನ ಡಬ್ಬಿಗಳು ತುಂಬಿದವು. ಬೇಕಾದ ಚೀಟಿಯೊಂದನ್ನು ಬಿಟ್ಟು ಉಳಿದದ್ದೆಲ್ಲ ಅವುಗಳಲ್ಲಿ ಸಿಗುತ್ತಿತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ, ಶಿರಸಿಯಲ್ಲೇ ಬಿಡಾರ ಹೂಡಿದ್ದ ನಾನು ದೇವಿಕೆರೆಯ ಹತ್ತಿರದ ಕಂಪ್ಯೂಟರ್ ತರಗತಿಗೆ ಸೇರಿಕೊಂಡೆ. ಅಲ್ಲಿ ಕಲಿಸುತ್ತಿದ್ದವಳು ಸಂಧ್ಯಾ, ನನ್ನ ಅರ್ಧ ವಯಸ್ಸಿನವಳು, ತಾಳ್ಮೆಯಲ್ಲಿ ನನ್ನ ದುಪ್ಪಟ್ಟು. ನನ್ನ ಡಬ್ಬಿಗಳ ವೃತ್ತಾಂತ ಕೇಳಿ ಅವಳು ಮೊದಲು ಡೇಟಾಬೇಸಿನ ಒಂದು ಘನಗಂಭೀರ ಪ್ರೋಗ್ರಾಮು ತೆರೆದು ತೋರಿಸಿದಳು. ಅದರಲ್ಲಿ ಒಂದು ಮರವನ್ನು ದಾಖಲಿಸಬೇಕಾದರೆ ಮೊದಲು ಊರುಗಳ ಕೋಷ್ಟಕ, ಆಮೇಲೆ ಮನೆಗಳ ಕೋಷ್ಟಕ, ಅವೆರಡಕ್ಕೂ ಸಂಬಂಧ ಕೂಡಿಸುವ ಗೆರೆಗಳು; ಜಾತಕ ಹೊಂದಿಸಿ ಮದುವೆ ಮಾಡುವುದೂ ಇದಕ್ಕಿಂತ ಸಲೀಸು. ಹದಿನೈದು ದಿನ ಹೆಣಗಾಡಿ ನಾನು ಒಂದು ಮಿಡಿಯನ್ನೂ ಒಳಗೆ ಸೇರಿಸಲಾಗದೆ ಕೈಚೆಲ್ಲಿದೆ.

ಆಮೇಲೆ ಅವಳು ತೋರಿಸಿದ್ದು ಸ್ಪ್ರೆಡ್‌ಶೀಟು ಎಂಬ ಸಾಲು ಕಂಬಗಳ ಹಾಳೆ. ಆಹಾ, ಇದು ಪರವಾಗಿಲ್ಲ ಎಂದು ಒಂದಿಷ್ಟು ಚೀಟಿಗಳನ್ನು ಕುಟ್ಟಿ ತುಂಬಿಸಿದೆ. ಒಂದು ದಿನ ಸಂಧ್ಯಾ ಪಕ್ಕದಲ್ಲಿಲ್ಲದಾಗ, ಪರಿಮಳಗಳನ್ನೊಮ್ಮೆ ಅಕಾರಾದಿಯಾಗಿ ಜೋಡಿಸೋಣ ಎಂಬ ಶಾಸ್ತ್ರೀಯ ಹುಮ್ಮಸ್ಸು ಬಂದು ಆ ಒಂದು ಕಂಬವನ್ನಷ್ಟೇ ಹಿಡಿದು ಗುಂಡಿ ಒತ್ತಿಬಿಟ್ಟೆ. ಮರಗಳೆಲ್ಲ ಇದ್ದಲ್ಲೇ ಇದ್ದವು, ಪರಿಮಳಗಳು ಮಾತ್ರ ತಾಲೂಕು ಬಿಟ್ಟು ತಾಲೂಕಿಗೆ ವಲಸೆ ಹೋದವು. ಅದು ತಿಳಿಯದೆ ನಾನು ಪಟ್ಟಿಯನ್ನು ಛಾಪಿಸಿಕೊಂಡು, ಆಯಿಯನ್ನು ಬಸ್ಸು ಹತ್ತಿಸಿ, ಪಟ್ಟಿಯ ಪ್ರಕಾರ ಒಳ್ಳೆಯ ಪರಿಮಳದ ಮರವಿದ್ದ ಯಲ್ಲಾಪುರದ ಆಚೆಗಿನ ಒಂದು ಮನೆಗೆ ಕರೆದೊಯ್ದೆ. ಆಯಿ ಮಿಡಿಯ ತೊಟ್ಟು ಮುರಿದು ಮೂಸಿ, ಮನೆಯವರ ಮುಖ ನೋಡಿ ಸೌಜನ್ಯಕ್ಕೆ ನಕ್ಕು, ಬಸ್ಸಿನಲ್ಲಿ ನನ್ನ ಕಿವಿಯಲ್ಲಿ, "ಸೀಮೆಎಣ್ಣೆ!" ಎಂದಳು. ನನಗೆ ನಾಚಿಕೆಯೂ ದುಃಖವೂ ಒಟ್ಟಿಗೇ ಆಯಿತು. ಎಂಬತ್ತರ ಹತ್ತಿರದ ಮುದುಕಿಯನ್ನು ಆಸೆ ಹುಟ್ಟಿಸಿ ಅಷ್ಟು ದೂರ ಕುಲುಕಾಡಿಸಿದ್ದೆ.

ನನ್ನ ಜೋಲುಮುಖ ನೋಡಲಾರದೆ ಸಂಧ್ಯಾ ಎಲ್ಲಿಂದಲೋ ಒಂದು ಫ್ಲಾಪಿಯಲ್ಲಿ ಪುಟ್ಟ ಪ್ರೋಗ್ರಾಮು ಹುಡುಕಿ ತಂದಳು. "ಸರ್, ಇದಕ್ಕೆ ಏನೂ ಬರೋದಿಲ್ಲ. ಹಾಗಾಗಿ ನಿಮಗೆ ಸರಿಹೋಗ್ತದೆ" ಎಂದಳು, ಹೊಗಳಿಕೆಯೆಂದೇ ಸ್ವೀಕರಿಸಿದೆ. ತೆರೆದರೆ ಪರದೆಯ ಮೇಲೆ ಒಂದೇ ಒಂದು ಚೀಟಿ. ಅದರಲ್ಲಿ ಸಂಧ್ಯಾ ನನಗಾಗಿ ಹೆಸರಿಟ್ಟುಕೊಟ್ಟ ಆರು ಚೌಕ: ಮರ, ಊರು, ಮನೆ, ಪರಿಮಳ, ಬಾಳಿಕೆ, ಇತರೆ. ಕೆಳಗೆ 'ಉಳಿಸು' ಎಂದೊಂದು ಗುಂಡಿ, 'ಮುಂದಿನದು' ಎಂದೊಂದು ಗುಂಡಿ, ಹುಡುಕಲೊಂದು ಕಿಂಡಿ. ಒಂದು ಮರದ ಪರಿಮಳ ಇನ್ನೊಂದು ಮರಕ್ಕೆ ಹಾರುವ ಪ್ರಶ್ನೆಯೇ ಇಲ್ಲ. ಕುಣಿದಾಡುವಷ್ಟು ಸಂತೋಷವಾಯಿತು ನನಗೆ! ಹಳೆಯ ಕಂಪ್ಯೂಟರೊಂದನ್ನು ಅವಳಿಂದಲೇ ಖರೀದಿಸಿ ಮನೆಗೆ ತಂದು, ಜಗುಲಿಯ ಮೂಲೆಯಲ್ಲಿ ಪ್ರತಿಷ್ಠಾಪಿಸಿದೆ.

ಆಯಿ ಚೀಟಿ ಓದುವುದು, ನಾನು ಟೈಪು ಮಾಡುವುದು. ಹೀಗೆ ಬೆಳಗಿನ ಕಷಾಯದ ನಂತರ ನಮ್ಮ ಪಾರಾಯಣ ಶುರುವಾಗುತ್ತಿತ್ತು. ಆಯಿ ಕನ್ನಡಕವೇರಿಸಿ, ಎಮ್ಮೆಯ ಭೇದಿಯಿಂದ ಹಿಡಿದು ವಧುವಿನ ಗೋತ್ರದ ತನಕ ಚೀಟಿಯ ಎರಡೂ ಬದಿಯನ್ನು ಒಂದಕ್ಷರ ಬಿಡದೆ ಓದುವಳು. ನಾನು ಸೋಮಾರಿತನದಿಂದ ಆರನೆಯ ಚೌಕವನ್ನು ಖಾಲಿ ಬಿಟ್ಟು ಮುಂದೆ ಹಾರುತ್ತಿದ್ದೆ.

ನಿಲ್ಕುಂದದ ಒಂದು ಚೀಟಿಗೆ ಬಂದಾಗ ಆಯಿ ಓದಿದಳು: ಪರಿಮಳ, ಸಾಧಾರಣ. ಬಾಳಿಕೆ, ಸಾಧಾರಣ. ಎಮ್ಮೆ ಸುಖಪ್ರಸವ. ಮರದ ಬುಡಕ್ಕೆ ಸುತ್ತಲೂ ಮುಳ್ಳು ಕಟ್ಟಿದ್ದಾರೆ. ನಾನು 'ಉಳಿಸು' ಒತ್ತಲು ಹೊರಟಿದ್ದೆ.

"ನಿಲ್ಲು" ಎಂದಳು ಆಯಿ. "ಸಾಧಾರಣ ಹೇಳಿ ಯಾರು ಹೇಳಿದ್ದು?"

"ಮನೆಯವ್ವೇ."

"ಮಳ್ಳು ಮಾಣಿ! ಸಾಧಾರಣ ಮರಕ್ಕೆ ಯಾರಾದ್ರೂ ಮುಳ್ಳು ಕಟ್ತ್ವಾ?"

ನಾನು ಗುಂಡಿಯಿಂದ ಬೆರಳು ತೆಗೆದೆ. ಹದಿನೆಂಟು ಬಗೆ ಮಾಡಿ ಬಡಿಸಿ "ಊಟಕ್ಕೆ ಎಂತದೂ ಇಲ್ಲೆ" ಎನ್ನುವ ಸೀಮೆ ನಮ್ಮದು. ಸಂಗೀತದಲ್ಲಿ ಬಹುಮಾನ ತಂದ ಮಗಳನ್ನು "ಏನೋ ಒದರ್ತು" ಎಂದು ಪರಿಚಯಿಸುವವರು ನಾವು. ಇಂಥವರ ಬಾಯಿಂದ ಅವರದೇ ಮರದ ಗುಣ ಕೇಳಿ ಬರೆದುಕೊಂಡೆನಲ್ಲ, ನನ್ನ ಬುದ್ಧಿಗೆ ಏನೆನ್ನಲಿ! ಬಯಲುಸೀಮೆಗೆ ಅಂಟಿಕೊಂಡ ಗುಡ್ನಾಪುರದ ಕಡೆಯ ಗೌಡರೊಬ್ಬರು ಮಾತ್ರ, "ಬರ್ರಿ ಡಾಕ್ಟ್ರ, ನಮ್ಮ ಗಿಡದಂಥಾ ಗಿಡ ಏಳೂರಾಗ ಇಲ್ರಿ" ಎಂದು ಎದೆ ತಟ್ಟಿ ಹೇಳಿದ್ದರು. ನನ್ನ ಡಬ್ಬಿಗಳಲ್ಲಿ 'ಅತ್ಯುತ್ತಮ' ಎಂದಿದ್ದದ್ದು ಹೆಚ್ಚುಕಡಿಮೆ ಅದೊಂದೇ. ಉಳಿದವರೆಲ್ಲ ವಿನಯದಿಂದ ನನಗೆ ಸುಳ್ಳು ಹೇಳಿದ್ದರು, ನಾನು ಶ್ರದ್ಧೆಯಿಂದ ಅದನ್ನು ದಾಖಲಿಸಿದ್ದೆ. ಕಿಂಡಿಯಲ್ಲಿ 'ಉತ್ತಮ' ಎಂದು ಎಷ್ಟು ಹುಡುಕಿದ್ದರೂ ನಿಲ್ಕುಂದದ ಆ ಮರ ಸಿಗುತ್ತಿರಲಿಲ್ಲ. ಓದುವ ಒಂದು ಮನುಷ್ಯಪ್ರಾಣಿ ಎದುರಿಗೆ ಕೂತಿದ್ದರಿಂದ ಸಿಕ್ಕಿತು.

ಮಿಡಿಯ ಕಾಲ ಮುಗಿಯುತ್ತ ಬಂದಿತ್ತು. ಯಲ್ಲಾಪುರದ ನೆನಪಿನಿಂದ ನಾನು ಅಳುಕಿದೆ. ಇದೂ ಸೀಮೆಎಣ್ಣೆಯಾದರೆ ಆಯಿ ಇನ್ನೊಮ್ಮೆ ಹೊರಡುವುದಿಲ್ಲ ಎಂಬುದು ನನಗೆ ಖಚಿತವಿತ್ತು. ಅವಳೋ ಮಾರನೆಯ ದಿನವೇ ಸೀರೆಯುಟ್ಟು ಚೀಲ ಹಿಡಿದು ನಿಂತಿದ್ದಳು.

ನಿಲ್ಕುಂದದ ಆ ಮನೆಯ ಯಜಮಾನಿತಿ ಸಾವಿತ್ರಿಗೆ ಐವತ್ತರ ಆಸುಪಾಸು. ಎಮ್ಮೆಯ ಪ್ರಸವದಿಂದ ನನ್ನ ಗುರುತು ಹಿಡಿದು ಬೆಲ್ಲ ನೀರು ಕೊಟ್ಟು, ಬಂದ ಕಾರಣ ಕೇಳಿ ಸಂಕೋಚದಿಂದ ಕುಗ್ಗಿಹೋದರು. "ಅಯ್ಯೋ ಅತ್ತೆ, ಇದಕ್ಕಾಗಿ ಶಿರಸಿಂದ ಬಂದ್ರಾ? ಎಂತದೂ ಇಲ್ಲೆ, ಸಾಧಾರಣ ಮಿಡಿ" ಎಂದರು. ಆಯಿ ನನ್ನತ್ತ ಒಂದು ನೋಟ ಬೀರಿದಳು. ಹಳ್ಳದ ತನಕ ನಡೆದೆವು. ಮುಳ್ಳಿನ ಕಟ್ಟು ಸರಿಸಿ, ದೋಟಿಯಿಂದ ಎಳೆದ ಗೊಂಚಲಿನಿಂದ ಸಾವಿತ್ರಿ ಒಂದು ಮಿಡಿ ಕೊಟ್ಟರು.

ಆಯಿ ತೊಟ್ಟು ಮುರಿದಳು. ಸೊನೆ ಚಿಮ್ಮಿ ಬೆರಳಿಗೆ ತಾಗಿತು. ಮೂಗಿಗೆ ಹಿಡಿದವಳು ಹಾಗೇ ನಿಂತುಬಿಟ್ಟಳು. ಆಮೇಲೆ ನೋಡಿದರೆ ಅವಳ ಕಣ್ಣಲ್ಲಿ ನೀರು, ಬಾಯಲ್ಲಿ ನಗು. "ತಂಗೀ, ಅಪ್ಪನ ಮನೆ ಅಂಗಳಕ್ಕೆ ಬಂದಂಗೆ ಆತು" ಎಂದು ಸಾವಿತ್ರಿಯ ಕೈ ಹಿಡಿದುಕೊಂಡಳು. ಭೈರುಂಬೆಯ ಪರಿಮಳ ನಿಲ್ಕುಂದದ ಹಳ್ಳಕ್ಕೆ ಹೇಗೆ ಬಂತೋ ದೇವರೇ ಬಲ್ಲ. ಆ ಕ್ಷಣಕ್ಕೆ ನನಗೆ ಕಾರಣ ಬೇಕಾಗಿರಲಿಲ್ಲ, ನನ್ನ ಆಯಿ ನಗುತ್ತಿದ್ದಳು.

ಆಗ ಸಾವಿತ್ರಿಯ ಮುಖ ಕೆಂಪಾಯಿತು. ಆಚೀಚೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನಮ್ಮ ಸೀಮೆಯಲ್ಲಿ ನಾನು ಕೇಳಿರದ ಮಾತೊಂದನ್ನು ಅವರು ಹೇಳಿದರು:

"ಖರೆ ಹೇಳ್ತೆ ಅತ್ತೆ, ನಮ್ಮನೆ ಮಿಡಿಯಂಥದ್ದು ಈ ಸೀಮೆಲಿ ಎಲ್ಲೂ ಇಲ್ಲೆ. ಬೇರೆ ಯಾರಾದ್ರೂ ಹೊಗಳ್ಲಿ ಹೇಳಿ ಇಷ್ಟು ವರ್ಷ ಕಾಯ್ತಾ ಇದ್ದಿದ್ದಿ."

ಮನೆಗೆ ಬಂದು ಪರಿಮಳದ ಚೌಕದಲ್ಲಿದ್ದುದನ್ನು ಅಳಿಸಿ, ಅವರ ಮಾತನ್ನು ಅವರ ಬಾಯಲ್ಲಿ ಬಂದ ಹಾಗೇ ಟೈಪು ಮಾಡಿದೆ. ಅರ್ಧಕ್ಕೇ ಚೌಕ ತುಂಬಿತು. ಮರುದಿನ ಸಂಧ್ಯಾ ಮನೆಗೇ ಬಂದು, ಆಯಿ ಕೊಟ್ಟ ಹಸಿ ಮಿಡಿಯೊಂದನ್ನು ಉಪ್ಪಿಗೆ ಅದ್ದಿ ಕಚ್ಚುತ್ತ, ಆ ಚೌಕವನ್ನು ಅಗಲ ಮಾಡಿಕೊಟ್ಟಳು.