ಮಂಚಕ್ಕೆ ಕಟ್ಟಿದ ಹಾಸಿಗೆ

ಮದುವೆಯಾಗಿ ಬರೋಡಾಕ್ಕೆ ಬಂದ ಹೊಸತು. ಅರವತ್ತರ ದಶಕದ ನಡುಭಾಗ. ಪ್ರತಿ ಗುರುವಾರ ಮಧ್ಯಾಹ್ನ ಸಿಸ್ಟರ್‌ಗಳು ನಡೆಸುತ್ತಿದ್ದ ವೃದ್ಧೆಯರ ಹೋಮಿಗೆ ಹೋಗಿ ಸಿಸ್ಟರ್‌ಗಳ ಇಂಗ್ಲಿಷ್ ಪತ್ರ ಬರೆದುಕೊಡುತ್ತಿದ್ದೆ. ಕಾನ್ವೆಂಟಿನಲ್ಲಿ ಬೆರಳಿಗೆ ಏಟು ತಿಂದು ಕಲಿತ ಹ್ಯಾಂಡ್‌ರೈಟಿಂಗ್, ಎಲ್ಲಾದರೂ ಉಪಯೋಗಕ್ಕೆ ಬರಲಿ ಅಂತ.

ಅಲ್ಲಿ ಉಡುಪಿ ಕಡೆಯ ಒಬ್ಬ ಅಮ್ಮಮ್ಮ ಇದ್ದರು. ಸೂರತ್ತಿನಲ್ಲಿ ಅಣ್ಣನ ಹೋಟೆಲಿಗೆ ವರ್ಷಗಟ್ಟಲೆ ಹಿಟ್ಟು ರುಬ್ಬಿದವರು; ಅಣ್ಣ ಹೋದ ಮೇಲೆ ಹೋಟೆಲೂ ಮುಚ್ಚಿತು. ಅಡುಗೆಮನೆ ಬಿಟ್ಟು ಹೊರಗೆ ಬಂದವರಲ್ಲ, ಗುಜರಾತಿ ಬರುತ್ತಿರಲಿಲ್ಲ. ಗುರುವಾರ ನೋಡಲು ಬರುತ್ತಿದ್ದ ಡಾಕ್ಟರಿಗೂ ಅವರಿಗೂ ನಡುವೆ ನಾನೇ ಬಾಯಿ.

ಹೋಮಿನ ರೂಲ್ ಒಂದಿತ್ತು: ತಾವಾಗಿ ಎದ್ದು ಓಡಾಡುವವರಿಗೆ ಮಾತ್ರ ಜಾಗ. ಯಾರನ್ನಾದರೂ ಟಾಂಗಾದಲ್ಲಿ ದೊಡ್ಡಾಸ್ಪತ್ರೆಗೆ ಸಾಗಿಸಿದರೆ, ಸಂಜೆಯೊಳಗೆ ಆಯಾ ಅವರ ಹಾಸಿಗೆ ಸುತ್ತಿ, ಮುಂದಿನವಳಿಗಾಗಿ ಗಾಳಿಗೆ ಹಾಕಲು ತಾರಸಿಗೆ ಒಯ್ಯುತ್ತಿದ್ದಳು. ಸಿಸ್ಟರ್‌ಗಳು ಕ್ರೂರಿಗಳಲ್ಲ; ವರಾಂಡದಲ್ಲಿ ಟ್ರಂಕಿನ ಮೇಲೆ ಕೂತು ಜಾಗಕ್ಕಾಗಿ ಕಾಯುವ ಒಬ್ಬಳಾದರೂ ಸದಾ ಇರುತ್ತಿದ್ದಳು. ಇದನ್ನು ಕಂಡಿದ್ದ ಅಮ್ಮಮ್ಮ ಹಳೆ ಸೀರೆಯ ಅಂಚು ಹರಿದು, ತಮ್ಮ ಹಾಸಿಗೆಯ ನಾಲ್ಕು ಮೂಲೆಯನ್ನೂ ಮಂಚಕ್ಕೆ ಬಿಗಿದಿದ್ದರು.

ದೀಪಾವಳಿ ಕಳೆದು ಅವರಿಗೆ ಎದೆನೋವು ಶುರುವಾಯಿತು. ನನಗೊಬ್ಬಳಿಗೇ ಹೇಳಿದರು.

"ಗ್ಯಾಸು ಅಂತ ಹೇಳು ಮಾರಾಯ್ತಿ. ಅಲ್ಲಿಗೆ ಹೋದವರು ತಿರುಗಿ ಬಂದದ್ದುಂಟಾ?"

ಜಸ್ಟ್ ಗ್ಯಾಸ್, ಡಾಕ್ಟರ್, ಅಂದೆ. ಮುಂದಿನ ಗುರುವಾರವೂ ಅಂದೆ. ಹೇಳಿದರೆ ಅವರ ಮಂಚ ಹೋಗುತ್ತದೆ, ಹೇಳದಿದ್ದರೆ ಅವರೇ.

ಮೂರನೆಯ ಗುರುವಾರ ಮಂಚ ಖಾಲಿ. ಬೆಳಿಗ್ಗೆ ಬಚ್ಚಲಲ್ಲಿ ಕುಸಿದಿದ್ದರಂತೆ. ಒಂದು ಚೀಟಿಯೂ ಇಲ್ಲದೆ, ಕನ್ನಡ ಬರುವವರು ಯಾರೂ ಜೊತೆಗಿಲ್ಲದೆ ಸಾಗಿಸಿಬಿಟ್ಟಿದ್ದರು. ಆಯಾ ಗಂಟು ಬಿಚ್ಚಲಾಗದೆ ಗೊಣಗುತ್ತಿದ್ದಳು. ಆಸ್ಪತ್ರೆಯವರು ಕಾಯಿಲೆಯ ಹಿಸ್ಟರಿ ಕೇಳಿದ್ದಾರೆಂದು ಸಿಸ್ಟರ್ ನನ್ನ ಮುಂದೆ ಕಾಗದ ಇಟ್ಟರು. ನೋವು ಯಾವಾಗಿನಿಂದ, ನಿನಗೇನಾದರೂ ಗೊತ್ತಾ ಅಂತ ಕೇಳಿದರು.

ಇವತ್ತಿನದೇ ಅಂತ ಬರೆದರೆ ನಾಲ್ಕು ದಿನ ಇಟ್ಟುಕೊಂಡು ವಾಪಸ್ ಕಳಿಸಿಯಾರು. ನಿಬ್ಬು ಒಣಗಿತು. ಮತ್ತೆ ಅದ್ದಿ, ಚೆಸ್ಟ್ ಪೇನ್ ಫಾರ್ ಟೂ ವೀಕ್ಸ್ ಅಂತ ಬರೆದೆ. ಯಾರು ಮುಚ್ಚಿಟ್ಟರು ಅನ್ನುವುದನ್ನು ಬರೆಯಲಿಲ್ಲ. ಆಯಾ ಕತ್ತರಿ ತಂದಳು; ಬೇಡ ಅಂದು ಗಂಟುಗಳನ್ನು ನಾನೇ ಬಿಚ್ಚಿದೆ. ಉಗುರು ಮುರಿಯಿತು.

ಮರುದಿನ ಆಸ್ಪತ್ರೆಗೆ ಹೋದೆ. ಅಮ್ಮಮ್ಮನಿಗೆ ಪ್ರಜ್ಞೆ ಇತ್ತು. ಹಾರ್ಟ್ ವೀಕ್, ಇನ್ನು ಓಡಾಡುವ ಹಾಗಿಲ್ಲ ಅಂತ ಅಲ್ಲಿಯ ಡಾಕ್ಟರು ನನಗೆ ಹೇಳುತ್ತಿದ್ದರೆ, ಅಮ್ಮಮ್ಮ ನನ್ನ ಸೆರಗು ಎಳೆದರು.

"ಹಾಸಿಗೆ ಬಿಚ್ಚಲಿಲ್ಲ ಅಲ್ವಾ?"

ಆ ಸೀರೆಯಂಚುಗಳು ನನ್ನ ಪರ್ಸಿನಲ್ಲೇ ಇದ್ದವು. ಇಲ್ಲ ಅಮ್ಮಮ್ಮ, ಅಂದೆ.

"ಹಾಗಾದ್ರೆ ಇವರಿಗೂ ಹೇಳು, ಗ್ಯಾಸು ಅಂತ."

ಏನು ಹೇಳುತ್ತಿದ್ದಾರೆ ಅಂತ ಡಾಕ್ಟರು ಕೇಳಿದರು. ಷಿ ವಾಂಟ್ಸ್ ಟು ಗೋ ಹೋಮ್, ಅಂದೆ. ಅವರು ತಲೆಯಾಡಿಸಿ ಮುಂದಿನ ಮಂಚಕ್ಕೆ ಹೋದರು.